ಓದುಗರ ಪ್ರಶ್ನೆ, ನಮ್ಮ ಉತ್ತರ: ಕೆಲಸ ಅರ್ಧಕ್ಕೆ ನಿಂತಾಗ ಯಾವ ಪುಸ್ತಕ ತೆಗೀಬೇಕು?

ಹವ್ಯಾಸದ ಪುಸ್ತಕಗಳ ಬಗ್ಗೆ ಕೇಳೋದೇನಾದ್ರೂ ಇದ್ರೆ ಬರೀರಿ ಅಂದಿದ್ದೇ ತಡ, ಮರಗೆಲಸದವರು, ಹೆಣಿಗೆಯವರು, ಹಕ್ಕಿ ನೋಡೋರು, ಸೈಕಲ್ ಬಿಚ್ಚೋರು ಎಲ್ಲರೂ ಬರೆದಿದ್ದಾರೆ. ಎಲ್ಲಕ್ಕೂ ಜಾಗ ಸಾಲಲ್ಲ, ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ಮರಗೆಲಸನ ಹವ್ಯಾಸಕ್ಕೆ ಅಂತ ಕಲೀತಿದೀನಿ. ಒಳ್ಳೊಳ್ಳೆ ಫೋಟೋ ಇರೋ ದಪ್ಪ ಪುಸ್ತಕ ತಗೊಂಡೆ, ಓದೋಕೇನೋ ಚೆನ್ನಾಗಿದೆ, ಆದ್ರೆ ಕೆಲಸ ಕೈಕೊಟ್ಟಾಗ ಅದರಲ್ಲಿ ಏನೂ ಸಿಗಲ್ಲ, ಕೊನೆಗೆ ವಿಡಿಯೋಗೇ ಹೋಗ್ತೀನಿ. ಪುಸ್ತಕ ತಗೊಳ್ಳೋದೇ ದಂಡಾನಾ?

ಉತ್ತರ: ದಂಡ ಏನಲ್ಲ. ನೀವು ತಗೊಂಡಿರೋದು ಕೂತು ಓದೋ ಪುಸ್ತಕ ಅನ್ಸುತ್ತೆ, ನಿಮಗೆ ಬೇಕಾಗಿರೋದು ನಿಂತ್ಕೊಂಡು ಹುಡುಕೋ ಪುಸ್ತಕ. ಅಂಗಡೀಲಿ ಎರಡೂ ಒಂದೇ ಕಪಾಟಲ್ಲಿರ್ತವೆ, ಹೊರಗಿಂದ ನೋಡಿದ್ರೆ ವ್ಯತ್ಯಾಸ ಕಾಣಲ್ಲ, ಕೊನೇ ಪುಟಗಳಲ್ಲಿರೋ ಪದಸೂಚಿ, ಅಂದ್ರೆ ನಾವು ಇಂಡೆಕ್ಸ್ ಅಂತೀವಲ್ಲ, ಅದನ್ನ ತಿರುವಿದಾಗಲೇ ಬಣ್ಣ ಬಯಲಾಗೋದು.

ಈಗ ನೀವು ಹಲಗೆಗೆ ಪ್ಲೇನರ್ ಹೊಡೀತಾ ಇದೀರ ಅನ್ಕೊಳ್ಳಿ, ನುಣ್ಣಗೆ ಬರೋ ಬದಲು ಮರ ಚಕ್ಕೆ ಚಕ್ಕೆಯಾಗಿ ಕಿತ್ತು ಬರ್ತಿದೆ. ಪಳಗಿದವರಿಗೆ ನೋಡಿದ ತಕ್ಷಣ ಗೊತ್ತಾಗುತ್ತೆ, ನಾರಿಗೆ ಎದುರಾಗಿ ಹೊಡೀತಿದೀರ, ಹಲಗೆ ತಿರುಗಿಸಿ ಆ ಕಡೆಯಿಂದ ಹೊಡೀರಿ, ಬ್ಲೇಡಿಗೆ ಸಾಣೆ ಹಿಡೀರಿ, ಒಂದೊಂದು ಸಲಕ್ಕೆ ಇನ್ನೂ ತೆಳ್ಳಗೆ ತೆಗೀರಿ ಅಂತಾರೆ, ಮುಗೀತು. ಹೊಸಬರಿಗೆ ನಾರಿನ ದಿಕ್ಕು ಅನ್ನೋ ಯೋಚನೆಯೇ ಬಂದಿರಲ್ಲ, ಹಾಗಾಗಿ ಆ ಹೆಸರಲ್ಲಿ ಅವರು ಹುಡುಕೋದೂ ಇಲ್ಲ, ಅವರಿಗೆ ಕಾಣ್ತಿರೋದು ಕಿತ್ತು ಬಂದಿರೋ ಮರ ಅಷ್ಟೇ. ಪದಸೂಚಿಲಿ 'ಕಿತ್ತು ಬರುವುದು: ನಾರಿನ ದಿಕ್ಕು ನೋಡಿ' ಅಂತ ಒಂದು ಸಾಲಿದ್ರೆ ಆ ಪುಸ್ತಕ ಬರೆದವರು ನಿಮ್ಮಂಥವರನ್ನ ಎದುರಿಗೆ ಕೂರಿಸ್ಕೊಂಡು ಯೋಚನೆ ಮಾಡಿದಾರೆ ಅಂತ ಅರ್ಥ. ಬರೀ ನಾರಿನ ದಿಕ್ಕು ಅಂತ ಒಂದು ಸಾಲಿದ್ದು ಅದರ ಮುಂದೆ ಇಪ್ಪತ್ತು ಪುಟಸಂಖ್ಯೆ ಸುರಿದಿದ್ರೆ ಇನ್ನೂ ಕಷ್ಟ, ಇಪ್ಪತ್ತೂ ಪುಟ ತಿರುವೋ ತಾಳ್ಮೆ ಆ ಹೊತ್ತಲ್ಲಿ ಯಾರಿಗಿರುತ್ತೆ ಹೇಳಿ?

ಮುಂದಿನ ಸಲ ಅಂಗಡಿಗೆ ಹೋದಾಗ ಮೊದಲನೇ ಪುಟದಿಂದ ನೋಡಬೇಡಿ. ನಿಮಗೆ ಈಗಾಗಲೇ ಉತ್ತರ ಗೊತ್ತಿರೋ ಒಂದು ಪ್ರಶ್ನೆ ತಲೇಲಿಟ್ಕೊಳ್ಳಿ, ಹೋದ ವಾರ ನೀವು ಸಿಕ್ಕಿಹಾಕ್ಕೊಂಡಿದ್ದ ಇನ್ನೊಂದನ್ನೂ ಇಟ್ಕೊಳ್ಳಿ, ಎರಡನ್ನೂ ಆ ಪುಸ್ತಕದಲ್ಲಿ ಹುಡುಕಿ. ಮೊದಲನೇದರಿಂದ ಅದು ಹೇಳೋದು ಸರಿಯಿದೆಯಾ ಅಂತ ಗೊತ್ತಾಗುತ್ತೆ, ಎರಡನೇದರಿಂದ ಅದು ನಿಮ್ಮ ಕೈಗೆ ಸಿಗುತ್ತಾ ಅಂತ ಗೊತ್ತಾಗುತ್ತೆ. ಎರಡರಲ್ಲೂ ಪಾಸಾದ್ರೆ ಫೋಟೋ ಸುಮಾರಾಗಿದ್ರೂ ಪರವಾಗಿಲ್ಲ, ತಗೊಳ್ಳಿ.

ವಿಡಿಯೋ ಬೇಡ ಅಂತ ನಾನು ಹೇಳಲ್ಲ. ಉಳಿ ಹಿಡಿಯೋ ಕೈ ಹೇಗೆ ತಿರುಗಬೇಕು ಅನ್ನೋದನ್ನ ಎಂಥಾ ಪುಸ್ತಕವೂ ವಿಡಿಯೋದಷ್ಟು ಚೆನ್ನಾಗಿ ತೋರಿಸಲ್ಲ. ಆದ್ರೆ ಯಾವ ದಪ್ಪದ ಸ್ಕ್ರೂಗೆ ಮೊದಲು ಎಷ್ಟು ಎಂಎಂ ತೂತು ಕೊರೀಬೇಕು ಅನ್ನೋ ಒಂದೇ ಒಂದು ಅಂಕಿ ಬೇಕಾದಾಗ ಯಾರೋ ನಮಸ್ಕಾರ ಹೇಳಿ, ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಅಂದು, ವಿಷಯಕ್ಕೆ ಬರೋ ತನಕ ಕಾಯೋದಕ್ಕಿಂತ ಒಂದು ಟೇಬಲ್ ಇರೋ ಪುಟ ಎಷ್ಟೋ ವಾಸಿ.

ಪ್ರಶ್ನೆ: ಕ್ರೋಶಾ ಪುಸ್ತಕದಲ್ಲಿ ಇರೋ ಹಾಗೇ ಲೆಕ್ಕ ಹಾಕಿ ಹೆಣೆದೆ, ಆದ್ರೂ ಟೋಪಿ ತಲೆಗಿಂತ ಎಷ್ಟೋ ದೊಡ್ಡದಾಯ್ತು. ದಾರನೂ ಅದೇ, ಕಡ್ಡಿನೂ ಅದೇ. ಪುಸ್ತಕ ತಪ್ಪಾ, ನಾನು ತಪ್ಪಾ?

ಉತ್ತರ: ಇಬ್ಬರೂ ಸರಿ ಇರಬಹುದು! ಪುಸ್ತಕ ಬ್ರಿಟನ್ನಿಂದಾ ಅಮೆರಿಕದ್ದಾ ಮೊದಲು ನೋಡಿ. ಅಮೆರಿಕದವರು ಸಿಂಗಲ್ ಕ್ರೋಶೆ ಅನ್ನೋ ಹೊಲಿಗೆಗೇ ಬ್ರಿಟನ್ನಿನವರು ಡಬಲ್ ಕ್ರೋಶೆ ಅಂತಾರೆ, ಅಮೆರಿಕದವರ ಡಬಲ್ ಬ್ರಿಟನ್ನಿನವರಿಗೆ ಟ್ರೆಬಲ್. ನೀವು ಅಮೆರಿಕದ ವಿಡಿಯೋ ನೋಡಿ ಕಲಿತು ಬ್ರಿಟನ್ನಿನ ಪುಸ್ತಕ ಇಟ್ಕೊಂಡು ಹೆಣೆದ್ರೆ ಪ್ರತಿ ಸಾಲೂ ಇರಬೇಕಾದ್ದಕ್ಕಿಂತ ಎತ್ತರ ಬರುತ್ತೆ, ಟೋಪಿ ದೊಡ್ಡದಾಗದೆ ಇನ್ನೇನಾಗುತ್ತೆ. ಅದಲ್ಲ ಅಂದ್ರೆ ನಿಮ್ಮ ಕೈ ಸಡಿಲ ಇರಬೇಕು. ಅದಕ್ಕೇ ಒಳ್ಳೆ ಪುಸ್ತಕ 10 ಸೆಂಟಿಮೀಟರಿಗೆ ಎಷ್ಟು ಹೊಲಿಗೆ, ಎಷ್ಟು ಸಾಲು ಬರಬೇಕು ಅಂತ ಕೊಟ್ಟಿರುತ್ತೆ, ಮೊದಲು ಒಂದು ಪುಟ್ಟ ಚೌಕ ಹೆಣೆದು ಸ್ಕೇಲ್ ಇಟ್ಟು ನೋಡೋಕೆ. ಆ ಭಾಗ ಎಲ್ಲರೂ ಹಾರಿಸ್ತಾರೆ ಅನ್ನೋದು ಬೇರೆ ಮಾತು.

ನಿಟಿಂಗ್ ಕಡ್ಡಿ ಕಥೆ ಇನ್ನೂ ಮಜಾ. ಅಮೆರಿಕದ ಸೊನ್ನೆ ನಂಬರ್ ಕಡ್ಡಿ 2 ಎಂಎಂ, ಹಳೇ ಬ್ರಿಟಿಷ್ ಲೆಕ್ಕದ ಸೊನ್ನೆ ನಂಬರ್ 8 ಎಂಎಂ, ಯಾಕಂದ್ರೆ ಅಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳ್ಳಗಾಗುತ್ತೆ. ಮರದ ಅಳತೆಲೂ ಹೀಗೇ ಇದೆ, ಅಮೆರಿಕದ ಪುಸ್ತಕದಲ್ಲಿ ಟೂ ಬೈ ಫೋರ್ ಅಂತಿದ್ರೆ ಎರಡಿಂಚು ನಾಲ್ಕಿಂಚು ಅನ್ಕೊಂಡು ಬಿಟ್ರೆ ಕೆಟ್ಟಿರಿ, ಅದು ನಿಜವಾಗಿ ಸುಮಾರು 38 ಎಂಎಂ, 89 ಎಂಎಂ ಮಾತ್ರ. ಅಡುಗೆ ಪುಸ್ತಕದ ಟೇಬಲ್ ಸ್ಪೂನ್ ಬಹಳ ಕಡೆ 15 ಎಂಎಲ್, ಆಸ್ಟ್ರೇಲಿಯಾದಲ್ಲಿ 20. ತೋಟದ ಪುಸ್ತಕದಲ್ಲಿ ಏಪ್ರಿಲ್‌ನಲ್ಲಿ ಬೀಜ ಹಾಕಿ ಅಂತ ಬರೆದುಬಿಡ್ತಾರೆ, ಯಾರ ಏಪ್ರಿಲ್ ಅಂತ ಕೇಳಬೇಕು, ಭೂಮಧ್ಯರೇಖೆಯ ಉತ್ತರಕ್ಕೆ ವಸಂತ ಇದ್ರೆ ದಕ್ಷಿಣಕ್ಕೆ ಎಲೆ ಉದುರೋ ಶರತ್ಕಾಲ. ತಿಂಗಳ ಹೆಸರಿನ ಬದಲು ಕೊನೇ ಹಿಮ ಬಿದ್ದ ಇಷ್ಟು ವಾರಕ್ಕೆ, ಮಣ್ಣಿನ ಉಷ್ಣತೆ ಇಷ್ಟಕ್ಕೆ ಬಂದಾಗ ಅಂತ ಬರೆಯೋ ಪುಸ್ತಕ ಎಲ್ಲಿ ತಗೊಂಡ್ ಹೋದ್ರೂ ನಡೆಯುತ್ತೆ. ಕೆಲವರು ಅಮೆರಿಕದ ಕೃಷಿ ಇಲಾಖೆ ಮಾಡಿರೋ ಹವಾಮಾನ ವಲಯದ ನಂಬರ್ ಕೊಟ್ಟು ಕೈ ತೊಳ್ಕೋತಾರೆ, ಅದು ಚಳಿಗಾಲದಲ್ಲಿ ಎಷ್ಟು ಕೆಳಗೆ ಇಳಿಯುತ್ತೆ ಅನ್ನೋ ಲೆಕ್ಕ ಮಾತ್ರ, ಬೇಸಿಗೆಯ ಬಿಸಿಲು, ಮಳೆ ಯಾವುದನ್ನೂ ಹೇಳಲ್ಲ.

ಹಾಗಾಗಿ ಪುಸ್ತಕದ ಶುರುಲಿ 'ಇಲ್ಲಿ ಬಳಸಿರೋ ಅಳತೆ, ಹೆಸರು, ಗುರುತು ಇವು' ಅಂತ ಒಂದು ಪುಟ ಇದೆಯಾ ನೋಡಿ. ಆ ಪುಟ ಇಲ್ದೇ ಇರೋ ಪುಸ್ತಕನ ನಾನಂತೂ ಕೆಳಗಿಟ್ಟು ಬರ್ತೀನಿ.

ಪ್ರಶ್ನೆ: ಹಕ್ಕಿ ಗುರುತಿಸೋಕೆ ಪುಸ್ತಕ ತಗೋಬೇಕು. ಫೋಟೋ ಇರೋದು ತಗೊಳ್ಳಲಾ, ಚಿತ್ರ ಬಿಡಿಸಿರೋದು ತಗೊಳ್ಳಲಾ? ಫೋಟೋನೇ ಅಲ್ವಾ ನಿಜ?

ಉತ್ತರ: ಮೊದಲ ಪುಸ್ತಕ ಆದ್ರೆ ಚಿತ್ರ ಇರೋದೇ ತಗೊಳ್ಳಿ. ಫೋಟೋ ನಿಜ ಅನ್ನೋದೇನೋ ಸರಿ, ಆದ್ರೆ ಅದು ಒಂದು ಹಕ್ಕಿಯ ಒಂದು ಕ್ಷಣದ ನಿಜ, ಆವತ್ತಿನ ಬಿಸಿಲು, ಅದು ಕೂತಿದ್ದ ಭಂಗಿ, ಅದರ ಗರಿ ಉದುರೋ ಕಾಲ ಎಲ್ಲಾ ಅದರೊಳಗೆ ಸೇರ್ಕೊಂಡಿರುತ್ತೆ. ಚಿತ್ರ ಬಿಡಿಸೋರು ಒಂದೇ ಥರ ಕಾಣೋ ಐದಾರು ಹಕ್ಕಿನ ಒಂದೇ ಭಂಗಿಲಿ ಒಂದೇ ಪುಟದಲ್ಲಿ ಸಾಲಾಗಿ ಕೂರಿಸ್ತಾರೆ, ಗಂಡು ಹೆಣ್ಣು ಮರಿ ಮೂರೂ ಪಕ್ಕಪಕ್ಕ. ಗುರುತು ಹಿಡಿಯೋ ಕೆಲಸ ಅಂದ್ರೆ ಇದಲ್ಲ ಅದು ಅಂತ ತೆಗೆದುಹಾಕ್ತಾ ಹೋಗೋದೇ, ಅದಕ್ಕೆ ಪಕ್ಕಪಕ್ಕ ಇರಲೇಬೇಕು.

1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತಂದ ಹಕ್ಕಿ ಕೈಪಿಡಿಯ ಮೊದಲ ಮುದ್ರಣ 2000 ಪ್ರತಿ ಮಾತ್ರ, ಬೇಗ ಖಾಲಿಯಾಗಿಬಿಡ್ತು. ಅದಕ್ಕೆ ಮುಂಚೆ ಇದ್ದ ದೊಡ್ಡ ದೊಡ್ಡ ಗ್ರಂಥಗಳು ಹಕ್ಕಿ ಕೈಯಲ್ಲಿದೆ, ಅಂದ್ರೆ ಹೊಡೆದು ತಂದಿದೀರ, ಅನ್ನೋ ಲೆಕ್ಕದಲ್ಲೇ ಹೆಚ್ಚಾಗಿ ಬರೆದವು, ಒಂದೊಂದು ಗರಿ ಅಳೆದು ವರ್ಣನೆ. ಪೀಟರ್ಸನ್ ಕೇಳ್ಕೊಂಡಿದ್ದು ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡೋನಿಗೆ ಏನು ಕಾಣುತ್ತೆ ಅಂತ. ಬೇರೆ ಹಕ್ಕಿಯಿಂದ ಬೇರ್ಪಡಿಸೋ ಒಂದೆರಡು ಗುರುತಿಗೆ ಪುಟ್ಟ ಬಾಣ ಹಾಕಿ ತೋರಿಸೋ ಪದ್ಧತಿ ಅವರ ಹೆಸರಲ್ಲೇ ಪ್ರಸಿದ್ಧವಾಯ್ತು. ಎಲ್ಲಾ ಹೇಳೋದು ಬಿಟ್ಟು ಬೇಕಾದ್ದಕ್ಕೆ ಬೆರಳು ತೋರಿಸೋ ಈ ಬುದ್ಧಿ ಬರೀ ಹಕ್ಕಿ ಪುಸ್ತಕಕ್ಕೆ ಸೀಮಿತ ಅಲ್ಲ, ಯಾವ ಕೈಪಿಡಿಗಾದ್ರೂ ಬೇಕು.

ಗಿಡದ ಪುಸ್ತಕಗಳಲ್ಲಿ ಇನ್ನೊಂದು ದಾರಿ ಇದೆ, ಎಲೆ ಎದುರುಬದುರು ಇದೆಯಾ ಪರ್ಯಾಯವಾಗಿ ಇದೆಯಾ, ಹೌದಾದ್ರೆ ಇಲ್ಲಿಗೆ ಹೋಗಿ ಇಲ್ಲಾಂದ್ರೆ ಅಲ್ಲಿಗೆ ಹೋಗಿ ಅಂತ ಎರಡೆರಡು ಆಯ್ಕೆ ಕೊಡ್ತಾ ಕರ್ಕೊಂಡು ಹೋಗೋದು. ಜೀವವಿಜ್ಞಾನಿ ಲಾಮಾರ್ಕ್ 1778ರಲ್ಲಿ ಫ್ರಾನ್ಸಿನ ಸಸ್ಯಗಳ ಬಗ್ಗೆ ಬರೆದಾಗಲೇ ಇದನ್ನ ಬಳಸಿದ್ದರು. ಚೆನ್ನಾಗಿ ಕೆಲಸ ಮಾಡುತ್ತೆ, ಆದ್ರೆ ಮಧ್ಯದಲ್ಲಿ ಹೂವಿನ ಎಸಳು ಎಣಿಸಿ ಅಂದಾಗ ಗಿಡದಲ್ಲಿ ಹೂವೇ ಇಲ್ಲದಿದ್ರೆ ಅಲ್ಲಿಗೆ ನಿಂತ್ರಿ. ಬರೀ ಎಲೆ, ತೊಗಟೆ ಮೇಲೂ ದಾರಿ ಕೊಟ್ಟಿರೋದು ಹುಡುಕಿ.

ಪ್ರಶ್ನೆ: ಕಾಡಣಬೆ ಆರಿಸೋ ಬಗ್ಗೆ ಆನ್‌ಲೈನಲ್ಲಿ ತುಂಬಾ ಅಗ್ಗಕ್ಕೆ ಇ-ಬುಕ್ ಸಿಗ್ತಿದೆ, ಕಂಪ್ಯೂಟರೇ ಬರೆದಿರೋ ಪುಸ್ತಕಗಳೂ ಇರ್ತವಂತೆ. ನಿಜಾನಾ? ಶುರು ಮಾಡೋಕೆ ಸಾಕಲ್ವಾ?

ಉತ್ತರ: ಸಾಕಾಗಲ್ಲ, ಈ ಒಂದು ವಿಷಯದಲ್ಲಿ ದಯವಿಟ್ಟು ದುಡ್ಡು ಉಳಿಸೋಕೆ ಹೋಗಬೇಡಿ. ನೀವು ಕೇಳಿರೋದು ನಿಜ. 2023ರಲ್ಲಿ ಅಮೆಜಾನ್‌ನಲ್ಲಿ ಮಾರಾಟಕ್ಕಿದ್ದ ಹಲವು ಅಣಬೆ, ಸೊಪ್ಪು ಆರಿಸೋ ಪುಸ್ತಕಗಳನ್ನ ಎಐ ಬರೆದಿದೆ ಅಂತ ದೊಡ್ಡ ಸುದ್ದಿಯಾಯ್ತು, ನ್ಯೂಯಾರ್ಕಿನ ಅಣಬೆ ಸಂಘದವರು ಗೊತ್ತಿರೋ ಲೇಖಕರ ಪುಸ್ತಕ ಮಾತ್ರ ತಗೊಳ್ಳಿ ಅಂತ ಎಚ್ಚರಿಕೆ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಒಬ್ಬರು ದಿನಕ್ಕೆ 3 ಹೊಸ ಪುಸ್ತಕಕ್ಕಿಂತ ಜಾಸ್ತಿ ಸ್ವಂತವಾಗಿ ಪ್ರಕಟಿಸೋ ಹಾಗಿಲ್ಲ ಅಂತ ಮಿತಿ ಹಾಕ್ತು. ದಿನಕ್ಕೆ ಮೂರು ಪುಸ್ತಕ ಬರೆಯೋರು ಯಾರಪ್ಪಾ ಅಂತ ನೀವೇ ಯೋಚನೆ ಮಾಡಿ.

ಅಣಬೆ ಪುಸ್ತಕದಲ್ಲಿ ನಾನು ಮೊದಲು ತೆಗೆಯೋದು 'ಇದೇ ಥರ ಕಾಣೋ ಬೇರೆ ಅಣಬೆಗಳು' ಅನ್ನೋ ಭಾಗ. ಡೆತ್ ಕ್ಯಾಪ್ ಅಂತ ಒಂದು ವಿಷದ ಅಣಬೆ ಇದೆ, ಶಾಸ್ತ್ರೀಯ ಹೆಸರು ಅಮಾನಿಟಾ ಫಾಲಾಯ್ಡಿಸ್. ಅದನ್ನ ಹಿಡಿಯೋ ಮುಖ್ಯ ಗುರುತು ಕಾಂಡದ ಬುಡದಲ್ಲಿರೋ ಚೀಲದಂಥ ಕವಚ, ಅದು ಬಹಳ ಸಲ ಮಣ್ಣೊಳಗೆ ಅಥವಾ ಉದುರೆಲೆ ಅಡಿಯಲ್ಲಿ ಹೂತಿರುತ್ತೆ, ಹಾಗಾಗಿ ನೆಲದ ಮಟ್ಟಕ್ಕೆ ಕತ್ತರಿಸಿ ಕೈಗೆತ್ತಿಕೊಂಡ್ರೆ ಗುರುತೇ ಹೋಯ್ತು. ಟೋಪಿಯ ಫೋಟೋ ಮಾತ್ರ ಹಾಕಿ, ಬುಡ ತೋರಿಸದೆ, ಟೋಪಿ ಅಡಿಯಿಂದ ಉದುರೋ ಬೀಜಕದ (ಸ್ಪೋರ್) ಪುಡಿ ಕಾಗದದ ಮೇಲೆ ಯಾವ ಬಣ್ಣ ಬೀಳುತ್ತೆ ಅಂತಲೂ ಹೇಳದೆ ಇರೋ ಪುಸ್ತಕ ಇದಕ್ಕೆ ಏನು ಪ್ರಯೋಜನ? ಇನ್ನೂ ಭಯ ಏನು ಅಂದ್ರೆ ತಿಂದ ತಕ್ಷಣ ಏನೂ ಆಗಲ್ಲ, ಸಾಮಾನ್ಯವಾಗಿ 6 ರಿಂದ 12 ಗಂಟೆ ಆದ್ಮೇಲೆ ವಾಂತಿ ಭೇದಿ ಶುರುವಾಗುತ್ತೆ, ಆಮೇಲೆ ಸ್ವಲ್ಪ ಸುಧಾರಿಸಿದ ಹಾಗೆ ಕಾಣುತ್ತೆ, ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗ್ತಿರುತ್ತೆ.

ಲೇಖಕರು ಯಾರು, ಅವರು ಬೇರೆಲ್ಲಾದ್ರೂ ಈ ಕೆಲಸ ಮಾಡಿದ ಕುರುಹು ಇದೆಯಾ, ಯಾವ ಪ್ರದೇಶಕ್ಕೆ ಬರೆದಿರೋದು, ಶಾಸ್ತ್ರೀಯ ಹೆಸರು ಕೊಟ್ಟಿದಾರಾ, ಇಷ್ಟನ್ನ ಪರೀಕ್ಷೆ ಮಾಡಿ. ಎಲ್ಲಾ ಸರಿ ಇದ್ರೂ ಪುಸ್ತಕ ಒಂದನ್ನೇ ನಂಬಿ ತಿನ್ನಬೇಡಿ, ಗೊತ್ತಿರೋರ ಜೊತೆ ಹೋಗಿ.

ಪ್ರಶ್ನೆ: ತೀರಿಹೋದ ಚಿಕ್ಕಪ್ಪನ ಒಂದು ಪೆಟ್ಟಿಗೆ ಪುಸ್ತಕ ನನಗೆ ಬಂದಿದೆ, ಹಗ್ಗದ ಗಂಟು, ಚೆಸ್, ಪ್ರಥಮ ಚಿಕಿತ್ಸೆ, ಮನೆ ಸಲಹೆ, ಮಡಕೆಗೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಾಕೋದು, ಎಲ್ಲಾ ಐವತ್ತು ಅರವತ್ತು ವರ್ಷ ಹಳೇದು. ಇಟ್ಕೊಳ್ಳಲಾ, ರದ್ದಿಗೆ ಹಾಕಲಾ?

ಉತ್ತರ: ಒಂದೊಂದಾಗಿ ನೋಡೋಣ. ಗಂಟಿನ ಪುಸ್ತಕ ಕಣ್ಣು ಮುಚ್ಕೊಂಡು ಇಟ್ಕೊಳ್ಳಿ. ಈಗಿನ ನೈಲಾನ್ ಹಗ್ಗ ಜಾರುತ್ತೆ, ಕೆಲವು ಗಂಟಿಗೆ ಇನ್ನೊಂದು ಸುತ್ತು ಬೇಕಾಗುತ್ತೆ ಅನ್ನೋದು ಬಿಟ್ರೆ ಉಳಿದಿದ್ದೆಲ್ಲಾ ಹಾಗೇ ಇದೆ.

ಚೆಸ್ ಪುಸ್ತಕದಲ್ಲಿ ನಡೆಗಳನ್ನ 'ಪಿ-ಕೆ4' ಅಂತ ಬರೆದಿದ್ರೆ ಗಾಬರಿ ಆಗಬೇಡಿ, ಅದು ಹಳೇ ವಿವರಣಾತ್ಮಕ ಪದ್ಧತಿ, ಬಿಳಿ ಕಡೆಯವರಿಗೆ ಅದು ಈಗಿನ 'ಇ4'. ಕಪ್ಪು ಕಡೆಯವರು ತಮ್ಮ ಕಡೆಯಿಂದ ಎಣಿಸ್ತಾರೆ, ಹಾಗಾಗಿ ಅದೇ ಮನೆಗೆ ಎರಡು ಹೆಸರು, ಶುರುಲಿ ತಲೆ ಕೆಡುತ್ತೆ. ವಿಶ್ವ ಚೆಸ್ ಒಕ್ಕೂಟ ಫಿಡೆ 1981ರಿಂದ 'ಇ4' ಥರ ಬರೆಯೋ ಬೀಜಗಣಿತದ ಪದ್ಧತಿ ಮಾತ್ರ ಒಪ್ಪುತ್ತೆ. ಆಟದ ಕೊನೇ ಹಂತದ ಅಧ್ಯಾಯಗಳು ಈಗಲೂ ಚಿನ್ನ, ಶುರುವಿನ ನಡೆಗಳ ಅಧ್ಯಾಯ ಮಾತ್ರ ಹಳಸಿರುತ್ತೆ.

ಪ್ರಥಮ ಚಿಕಿತ್ಸೆದು ಮಾತ್ರ ಮುಲಾಜಿಲ್ಲದೆ ರದ್ದಿಗೆ. ಹೃದಯ ನಿಂತಾಗ ಮೊದಲು ಉಸಿರಿನ ದಾರಿ ನೋಡಿ ಅಂತಿದ್ದ ಕ್ರಮನ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲಿ ಬದಲಾಯಿಸಿ ದೊಡ್ಡವರಿಗೆ ಮೊದಲು ಎದೆ ಒತ್ತೋದು ಅಂತ ಮಾಡ್ತು, ಈಗ ನಿಮಿಷಕ್ಕೆ 100 ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳ ಅಂತಾರೆ. ಹಳೇ ಪುಸ್ತಕ ನೋಡಿ ಇದನ್ನ ಮಾಡೋ ಹಾಗಿಲ್ಲ.

ಮನೆ ಸಲಹೆ ಪುಸ್ತಕನ ಗಮನ ಇಟ್ಟು ಓದಿ, ಬಟ್ಟೆ ಕಲೆ ತೆಗೆಯೋಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಹಚ್ಚಿ ಅಂತ ಬರೆದಿರಬಹುದು, ಆಗ ಅದು ಅಂಗಡೀಲಿ ಸಿಗೋ ಮಾಮೂಲಿ ವಸ್ತು, ಅದರ ಹಬೆ ಲಿವರ್, ಕಿಡ್ನಿ ಹಾಳು ಮಾಡುತ್ತೆ ಅಂತ ಅಮೆರಿಕದಲ್ಲಿ 1970ರಲ್ಲಿ ಮನೆಬಳಕೆಗೆ ನಿಷೇಧ ಆಯ್ತು. ಗ್ಲೇಜ್ ಪುಸ್ತಕದಲ್ಲಿ ಸೀಸ ಇರೋ ಪಾಕಗಳಿದ್ರೆ ಊಟದ ಪಾತ್ರೆಗಂತೂ ಬೇಡವೇ ಬೇಡ, ಆದ್ರೆ ಮಣ್ಣು ಹದ ಮಾಡೋದು, ಚಕ್ರದ ಮೇಲೆ ಎತ್ತೋದು, ಒಣಗಿಸೋದು ಇವೆಲ್ಲ ಹಳೇ ಪುಸ್ತಕಗಳಲ್ಲೇ ಹೆಚ್ಚು ನಿಧಾನವಾಗಿ ಬಿಡಿಸಿ ಹೇಳಿರ್ತಾರೆ. ಕೈಯ ಕೆಲಸ ಹಳಸಲ್ಲ, ರಾಸಾಯನಿಕ, ಔಷಧಿ, ಕರೆಂಟು, ಕಾನೂನು ಹಳಸ್ತವೆ, ಹಾಗೆ ಬೇರೆ ಮಾಡಿ ಎರಡು ಗುಡ್ಡೆ ಹಾಕಿ.

ಹೊಸದು ತಗೊಳ್ಳೋವಾಗಲೂ ಹಕ್ಕುಸ್ವಾಮ್ಯದ ಪುಟ ನೋಡಿ. ಹತ್ತನೇ ಮುದ್ರಣ ಅಂದ್ರೆ ಅದೇ ಹಳೇದನ್ನ ಹತ್ತು ಸಲ ಅಚ್ಚು ಹಾಕಿದಾರೆ ಅಷ್ಟೇ, ಪರಿಷ್ಕೃತ ಆವೃತ್ತಿ ಅಂತಿದ್ರೆ ಮಾತ್ರ ಯಾರೋ ಕೂತು ತಿದ್ದಿದಾರೆ.

ಪ್ರಶ್ನೆ: ಸ್ಟಾಂಪ್ ಕೂಡಿಡೋರು ಹೆಸರು ಬಿಟ್ಟು ಬರೀ ನಂಬರಲ್ಲೇ ಮಾತಾಡ್ತಾರೆ, ಯಾಕೆ?

ಉತ್ತರ: ಕ್ಯಾಟಲಾಗ್ ನಂಬರ್ ಅದು. ಒಂದೇ ಚಿತ್ರದ ಸ್ಟಾಂಪು ಕಾಗದ, ಅಂಚಿನ ಹಲ್ಲು, ಬಣ್ಣದ ಛಾಯೆ ಬದಲಾಗಿ ಹಲವು ಸಲ ಅಚ್ಚಾಗಿರುತ್ತೆ, ಬಾಯಲ್ಲಿ ವರ್ಣಿಸ್ತಾ ಕೂತ್ರೆ ಬೆಳಗಾಗುತ್ತೆ. ಲಂಡನ್ನಿನ ಸ್ಟಾಂಪ್ ಮಾರೋ ಕಂಪನಿ ಸ್ಟಾನ್ಲಿ ಗಿಬ್ಬನ್ಸ್ 1865ರಿಂದಲೇ ಪಟ್ಟಿ ತರ್ತಿದೆ. ಗಂಟಿನಲ್ಲೂ ಹೀಗೇ, ಕ್ಲಿಫರ್ಡ್ ಆಶ್ಲಿ 1944ರ ಪುಸ್ತಕದಲ್ಲಿ 3800ಕ್ಕೂ ಹೆಚ್ಚು ನಮೂದಿಗೆ ನಂಬರ್ ಕೊಟ್ಟರು, ಈಗಲೂ 1010 ಅಂದ್ರೆ ತಿಳಿದವರಿಗೆ ಬೋಲೈನ್ ಅನ್ನೋ ಕುಣಿಕೆ ಗಂಟು ಅಂತ ಗೊತ್ತಾಗುತ್ತೆ. ಪುಟಸಂಖ್ಯೆ ಆವೃತ್ತಿಗೊಂದು ಆಗುತ್ತೆ, ನಮೂದಿನ ನಂಬರ್ ಹಾಗೇ ಇರುತ್ತೆ, ಅದೇ ಲಾಭ. ಇನ್ನೊಂದು ಮಾತು, ಗಿಬ್ಬನ್ಸ್ ಕ್ಯಾಟಲಾಗ್‌ನಲ್ಲಿರೋ ಬೆಲೆ ಅವರು ಮಾರೋ ಬೆಲೆ, ನೀವು ಮಾರೋಕೆ ಹೋದ್ರೆ ಅಷ್ಟು ಬರಲ್ಲ.

ಪ್ರಶ್ನೆ: ಬಹಳ ವರ್ಷದಿಂದ ಸೈಕಲ್ ರಿಪೇರಿ ಮಾಡ್ತಿದೀನಿ. ಹೊಸಬರಿಗೆ ಅಂತ ಒಂದು ಪುಸ್ತಕ ಬರೀಬೇಕು ಅಂತಿದೀನಿ. ಏನು ಹಾಕಬೇಕು, ಏನು ಬಿಡಬೇಕು ಹೇಳಿ ಮೇಡಂ.

ಉತ್ತರ: ಬರೀರಿ ಸರ್, ನಿಮ್ಮಂಥವರೇ ಬರೀಬೇಕು. ನಿಮಗೆ ಇರೋ ಕಷ್ಟ ಒಂದೇ, ಕೈಗೆ ಅಭ್ಯಾಸ ಆಗಿರೋದನ್ನ ಹೇಳಬೇಕು ಅಂತಲೇ ನಿಮಗೆ ಅನ್ಸಲ್ಲ. ಪೆಡಲ್ ಬಿಚ್ಚಿ ಅಂತ ಒಂದು ಸಾಲು ಬರೆದು ಮುಂದೆ ಹೋಗ್ತೀರ. ಎಡಗಡೆ ಪೆಡಲಿನ ಮರೆ, ಅಂದ್ರೆ ಥ್ರೆಡ್, ಉಲ್ಟಾ ಇರುತ್ತೆ, ಮಾಮೂಲಿ ದಿಕ್ಕಲ್ಲಿ ತಿರುಗಿಸಿದ್ರೆ ಇನ್ನೂ ಬಿಗಿಯಾಗುತ್ತೆ ಅನ್ನೋದು ನಿಮ್ಮ ಕೈಗೆ ಗೊತ್ತು, ಓದೋನಿಗೆ ಗೊತ್ತಿಲ್ಲ. ಅವನು ಸ್ಪ್ಯಾನರ್ ಮೇಲೆ ಹತ್ತಿ ನಿಂತು ಒತ್ತಿ ಕೊನೆಗೆ ಪುಸ್ತಕ ಬಯ್ಕೊಂಡು ಮೂಲೆಗೆ ಎಸೀತಾನೆ. ಪೆಡಲಿನ ಅಚ್ಚು ಫ್ರೇಮಲ್ಲಿ ಕೂರೋ ಬಾಟಂ ಬ್ರಾಕೆಟ್ ಇನ್ನೂ ಗೋಜಲು, ಇಂಗ್ಲಿಷ್ ಮರೆ ಇರೋದ್ರಲ್ಲಿ ಚೈನ್ ಕಡೆಯ ಕಪ್ ಉಲ್ಟಾ ತಿರುಗುತ್ತೆ, ಇಟಾಲಿಯನ್ ಮರೆ ಆದ್ರೆ ಎರಡೂ ಕಡೆ ಮಾಮೂಲಿ. ಇದನ್ನ ಬಿಚ್ಚೋ ಹೆಜ್ಜೆಯ ಮುಂಚೆ ಬರೀಬೇಕು, ಹೆಜ್ಜೆ ಮುಗಿದ ಮೇಲೆ 'ಎಚ್ಚರಿಕೆ' ಅಂತ ಡಬ್ಬಿ ಹಾಕಿ ಬರೆದ್ರೆ ಅಷ್ಟೊತ್ತಿಗೆ ಮರೆ ಕಿತ್ತೋಗಿರುತ್ತೆ.

ಒಂದು ಅಧ್ಯಾಯ ಬರೆದಾದ ಮೇಲೆ ಸೈಕಲ್ ಬಿಚ್ಚಿಯೇ ಇಲ್ಲದ ಒಬ್ಬರನ್ನ ಕರೆದು ಬರೆದಿದ್ದು ಕೈಗೆ ಕೊಟ್ಟು ಕೆಲಸ ಮಾಡಿಸಿ, ನೀವು ಪಕ್ಕದಲ್ಲಿ ಬಾಯಿ ಮುಚ್ಕೊಂಡು ಕೂರಬೇಕು. ಬಹಳ ಹಿಂಸೆ ಅದು! ಅವರು ಎಲ್ಲೆಲ್ಲಿ ನಿಂತು ನಿಮ್ಮ ಮುಖ ನೋಡ್ತಾರೋ ಅಲ್ಲೆಲ್ಲ ಒಂದು ಸಾಲು ಸೇರಿಸಿ. 'ಸ್ವಲ್ಪ ಬಿಗಿ ಮಾಡಿ' ಅನ್ನೋ ಮಾತು ಎಲ್ಲೂ ಬೇಡ, ಟಾರ್ಕ್, ಅಂದ್ರೆ ಎಷ್ಟು ಬಲ ಹಾಕಿ ತಿರುಗಿಸಬೇಕು ಅನ್ನೋ ಅಂಕಿ ಇದ್ರೆ ಅದನ್ನ ಕೊಡಿ, ಇಲ್ಲಾಂದ್ರೆ ಹೇಗೆ ಗೊತ್ತಾಗುತ್ತೆ ಅಂತ ಬರೀರಿ, ಚಕ್ರ ತಿರುಗಿಸಿ ಬಿಟ್ರೆ ತಾನಾಗೇ ನಿಲ್ಲೋ ತನಕ ತಿರುಗಬೇಕು, ಅಂಚು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿದ್ರೆ ಲೊಡಲೊಡ ಅನ್ನಬಾರದು, ಹೀಗೆ.

ಆಮೇಲೆ ಸೈಕಲ್ ಇತಿಹಾಸದ ಮೊದಲನೇ ಅಧ್ಯಾಯ ಬಿಟ್ಟುಬಿಡಿ, ಆ ಜಾಗದಲ್ಲಿ ರೋಗಲಕ್ಷಣದ ಟೇಬಲ್ ಹಾಕಿ. ಚೈನ್ ಜಾರ್ತಿದೆ, ಪೆಡಲ್ ತುಳಿದಾಗ ಟಕ್ ಅಂತಿದೆ, ಬ್ರೇಕ್ ಕಿರುಗುಡ್ತಿದೆ ಅಂತ ಓದೋರು ಆಡೋ ಮಾತಲ್ಲೇ ಬರೆದು, ಮೊದಲು ಯಾವುದನ್ನ ನೋಡಬೇಕು, ಅದಲ್ಲಾಂದ್ರೆ ಯಾವುದು ಅಂತ ಸುಲಭದಿಂದ ಕಷ್ಟಕ್ಕೆ. ಯಾವ ಕೆಲಸ ಮನೇಲಿ ಮಾಡಬಾರದು ಅಂತಲೂ ನೇರವಾಗಿ ಹೇಳಿ, ಬಿರುಕು ಬಿಟ್ಟ ಫ್ರೇಮ್ ಥರದ್ದು, ಅದರಿಂದ ನಿಮ್ಮ ಮೇಲೆ ನಂಬಿಕೆ ಕಮ್ಮಿ ಆಗಲ್ಲ, ಜಾಸ್ತಿನೇ ಆಗುತ್ತೆ.

ಪ್ರಶ್ನೆ: ಪೇಪರ್ ಪುಸ್ತಕಾನಾ, ಇ-ಬುಕ್ಕಾ? ಸ್ಪೈರಲ್ ಬೈಂಡಿಂಗ್ ನೋಡೋಕೆ ಚೀಪ್ ಅನ್ಸುತ್ತೆ.

ಉತ್ತರ: ನೋಡೋಕೆ ಹೇಗಾದ್ರೂ ಇರಲಿ, ಮೇಜಿನ ಮೇಲೆ ಚಪ್ಪಟೆ ಬಿದ್ದಿರುತ್ತೆ. ಎರಡೂ ಕೈಲಿ ಕೆಲಸ ಇರೋ ಹವ್ಯಾಸಕ್ಕೆ ಸ್ಪೈರಲ್, ಇಲ್ಲಾಂದ್ರೆ ದಾರ ಹಾಕಿ ಹೊಲಿದಿರೋ ಬೈಂಡಿಂಗ್ ನೋಡಿ. ಬರೀ ಅಂಟು ಹಾಕಿರೋದು ಬಲವಂತವಾಗಿ ಅಗಲಿಸಿದ್ರೆ ಬೆನ್ನು ಸೀಳಿ ಹಾಳೆ ಉದುರುತ್ತೆ. ಇ-ಬುಕ್‌ನಲ್ಲಿ ಸರ್ಚ್ ಅನುಕೂಲ, ಚಿತ್ರ ದೊಡ್ಡದು ಮಾಡಬಹುದು, ಆದ್ರೆ ದೊಡ್ಡ ಟೇಬಲ್‌ಗಳು ಫೋನ್ ಸ್ಕ್ರೀನ್‌ನಲ್ಲಿ ಮುರಿದು ಓದೋಕಾಗದ ಹಾಗೆ ಆಗ್ತವೆ, ಗ್ರೀಸ್ ಕೈಲಿ ಲಾಕ್ ತೆಗೆಯೋದು ಬೇರೆ. ನನ್ನ ಕೇಳಿದ್ರೆ ಇ-ಬುಕ್ ತಗೊಂಡು, ಪದೇ ಪದೇ ಬೇಕಾಗೋ ಎರಡು ಮೂರು ಪುಟ ಪ್ರಿಂಟ್ ತೆಗೆದು ಕೆಲಸ ಮಾಡೋ ಕಡೆ ಗೋಡೆಗೆ ಅಂಟಿಸ್ಕೊಳ್ಳಿ.